ಲೈಟ್ ಆರಿಸಿದರೆ ಸಾಕು, ಅಳು

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಹೊಸ ಮನೆಗೆ ಬಂದ ಮೇಲೆ ಅವಳಿಗೇ ಅಂತ ಒಂದು ರೂಮು ಮಾಡಿಕೊಟ್ಟಿದ್ದೇವೆ. ಹಗಲೆಲ್ಲ ಅಲ್ಲೇ ಆಡುತ್ತಾಳೆ. ರಾತ್ರಿ ಲೈಟ್ ಆರಿಸಿದರೆ ಸಾಕು, ‘ಬಾಗಿಲ ಹಿಂದೆ ಯಾರೋ ಇದ್ದಾರೆ’ ಎಂದು ಅಳು. ಹೋದ ವರ್ಷ ಹೀಗಿರಲಿಲ್ಲ. ಅತ್ತೆಯವರು ದೃಷ್ಟಿಯಾಗಿದೆ ಎನ್ನುತ್ತಾರೆ. ನಮ್ಮ ಮನೆಯವರು ‘ಬಾಗಿಲು ಹಾಕಿಕೊಂಡು ಬಾ, ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ’ ಎನ್ನುತ್ತಾರೆ. ನನ್ನ ಕುತೂಹಲ ಬೇರೆ: ಒಂಬತ್ತು ತಿಂಗಳು ಹೊಟ್ಟೆಯೊಳಗಿನ ಕತ್ತಲಲ್ಲೇ ಬೆಳೆದ ಮಗುವಿಗೆ ಈಗ ಕತ್ತಲೆಂದರೆ ಭಯ ಬಂದದ್ದಾದರೂ ಎಲ್ಲಿಂದ?
– ಓದುಗರು, ದಾವಣಗೆರೆ

ಉತ್ತರ: ಕತ್ತಲು ಅದೇ ಇದೆ, ಬೆಳೆದಿರುವುದು ನಿಮ್ಮ ಮಗಳು. ಕೂಸಿಗೆ ಕಣ್ಣೆದುರು ಇರುವಷ್ಟೇ ಲೋಕ. ದೊಡ್ಡ ಸದ್ದಾದರೆ ಬೆಚ್ಚುತ್ತದೆ, ಎಂಟು-ಒಂಬತ್ತು ತಿಂಗಳಿಗೆ ಹೊಸ ಮುಖ ಕಂಡರೆ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ. ಆದರೆ ಕಾಣದೇ ಇರುವುದನ್ನು ನೆನೆದು ಹೆದರುವಷ್ಟು ಕಲ್ಪನೆ ಅದಕ್ಕಿನ್ನೂ ಬಂದಿರುವುದಿಲ್ಲ. ಮೂರರ ಆಸುಪಾಸಿನಲ್ಲಿ ಅದು ಬರುತ್ತದೆ. ಬೆಡ್‌ಶೀಟ್ ಹೊದಿಸಿ ಗುಹೆ ಮಾಡುವುದು, ಖಾಲಿ ಲೋಟದಲ್ಲಿ ನಿಮಗೆ ಕಾಫಿ ತಂದುಕೊಡುವುದು ಎಲ್ಲ ಜೋರಾಗುವ ಹೊತ್ತಿಗೇ ಬಾಗಿಲ ಹಿಂದಿನ ‘ಯಾರೋ’ ಕೂಡ ಬಂದು ನಿಲ್ಲುತ್ತಾರೆ. ಇಲ್ಲದ ಕಾಫಿ ಕಂಡ ಮನಸ್ಸಿಗೆ ಇಲ್ಲದ ಮನುಷ್ಯ ಕಾಣುವುದೇನು ಕಷ್ಟ? ಹಗಲಿನಲ್ಲಿ ಕಣ್ಣು ಅದನ್ನು ತಿದ್ದುತ್ತದೆ, ರಾತ್ರಿ ತಿದ್ದುವವರಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಈ ಭಯ ತೀರಾ ಸಾಮಾನ್ಯ. ಹೋದ ವರ್ಷ ಇರಲಿಲ್ಲ, ಈಗ ಬಂತು ಎಂದರೆ ಕಾಲಕ್ಕೆ ಸರಿಯಾಗಿಯೇ ಬಂದಿದೆ.

ಇದರಲ್ಲಿ ಕಣ್ಣಿನ ಕೈವಾಡವೂ ಇದೆ. ಮಂದ ಬೆಳಕಿನಲ್ಲಿ ನೋಡಲು ರೆಟಿನಾದಲ್ಲಿ ‘ರಾಡ್’ ಎಂಬ ಕೋಶಗಳಿವೆ. ಟ್ಯೂಬ್‌ಲೈಟ್ ಉರಿಯುವಾಗ ಅವುಗಳೊಳಗಿನ ರೋಡಾಪ್ಸಿನ್ ಎಂಬ ವಸ್ತು ಸವೆದಿರುತ್ತದೆ. ಅದು ಪೂರ್ತಿ ತುಂಬಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಂದರೆ ನೀವು ಸ್ವಿಚ್ ಆರಿಸಿ ಹೊರಟ ಮೊದಲ ಕೆಲವು ನಿಮಿಷಗಳಲ್ಲಿ ಅವಳಿಗೆ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಆಮೇಲೆ ಕಾಣತೊಡಗಿದಾಗ ಇನ್ನೊಂದು ಪೇಚು. ರೆಟಿನಾದ ನಟ್ಟನಡುವೆ, ನಾವು ನೇರವಾಗಿ ನೋಡುವ ಜಾಗದಲ್ಲಿ, ರಾಡ್‌ಗಳೇ ಇಲ್ಲ. ಹೀಗಾಗಿ ಮಬ್ಬು ವಸ್ತು ಓರೆಗಣ್ಣಿಗೆ ಕಾಣುತ್ತದೆ, ತಿರುಗಿ ನೇರ ನೋಡಿದರೆ ಮಾಯ! ದೆವ್ವ ಮಾಡುವುದೂ ಇಷ್ಟೇ ಅಲ್ಲವೆ? ಬಾಗಿಲ ಹಿಂದಿನ ಮೊಳೆಗೆ ತಗುಲಿಸಿದ ನೈಟಿಗೆ ಹೆಗಲು ಮೂಡುತ್ತದೆ, ಫ್ಯಾನ್ ಗಾಳಿಗೆ ಅದರ ತೋಳು ಆಡುತ್ತದೆ, ಬಣ್ಣವಂತೂ ಗೊತ್ತೇ ಆಗುವುದಿಲ್ಲ. ಒಂದು ರಾತ್ರಿ ಅವಳ ಹಾಸಿಗೆಯಲ್ಲಿ, ಅವಳು ತಲೆಯಿಡುವ ಕಡೆಯೇ ತಲೆಯಿಟ್ಟು, ಲೈಟ್ ಆರಿಸಿ ಸ್ವಲ್ಪ ಹೊತ್ತು ಮಲಗಿ ನೋಡಿ. ಆ ‘ಯಾರೋ’ ಯಾರೆಂದು ಬಹುಶಃ ಪತ್ತೆಯಾಗುತ್ತದೆ.

‘ಏನೂ ಇಲ್ಲ, ಮಲಗು’ ಎಂದರೆ ಅವಳ ಮೈ ಕೇಳುವುದಿಲ್ಲ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದೊಡ್ಡವರನ್ನೇ ಕೂರಿಸಿ ಇದ್ದಕ್ಕಿದ್ದಂತೆ ಸದ್ದು ಕೇಳಿಸಿದ್ದರು. ಬೆಳಕಿಗಿಂತ ಕತ್ತಲಲ್ಲಿ ಅವರು ಹೆಚ್ಚು ಬೆಚ್ಚಿಬಿದ್ದರು. ಹಲ್ಲಿ ಲೊಚಗುಟ್ಟಿದ್ದಕ್ಕೆ ಎದ್ದು ಕೂರುವ ಮಗು ನಾಟಕ ಮಾಡುತ್ತಿಲ್ಲ.

ಆದರೂ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಅವಳಿಗೇ ಅಂತ ಒಂದು ರೂಮು’ ಎಂಬಲ್ಲಿ. ಮನೋವಿಶ್ಲೇಷಕ ಫ್ರಾಯ್ಡ್ 1905ರ ತನ್ನ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಮೂರು ವರ್ಷದ ಹುಡುಗನೊಬ್ಬನ ಸಂಗತಿ ಹೇಳುತ್ತಾನೆ. ಕತ್ತಲ ಕೋಣೆಯಲ್ಲಿದ್ದ ಹುಡುಗ ಆಚೆಗಿದ್ದ ಚಿಕ್ಕಮ್ಮನನ್ನು ಕರೆದು ಮಾತಾಡುವಂತೆ ಕೇಳುತ್ತಾನೆ. ನಾನು ಕಾಣುವುದೇ ಇಲ್ಲ, ಮಾತಾಡಿ ಏನು ಪ್ರಯೋಜನ ಎನ್ನುತ್ತಾಳೆ ಅವಳು. ಯಾರಾದರೂ ಮಾತಾಡಿದರೆ ಬೆಳಕಾಗುತ್ತದೆ ಎಂದು ಹುಡುಗನ ಉತ್ತರ. ಭಯದ ಬೇರು ಕತ್ತಲಿಗಿಂತ ಹೆಚ್ಚಾಗಿ ಒಂಟಿತನದಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ನಡುಮನೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ, ಅಜ್ಜಿ, ದೊಡ್ಡಮ್ಮ, ಅವರ ಮಕ್ಕಳ ನಡುವೆ ಮಲಗುತ್ತಿದ್ದ ಕಾಲದಲ್ಲಿ ಕತ್ತಲಿಗೇನೂ ಕಡಿಮೆಯಿರಲಿಲ್ಲ, ಕರೆಂಟೇ ಇರುತ್ತಿರಲಿಲ್ಲ. ಆದರೆ ಕೈ ಚಾಚಿದರೆ ಒಂದು ಮೈ ತಗುಲುತ್ತಿತ್ತು. ನಾಲ್ಕೂವರೆಗೆ ಬೇರೆ ರೂಮು ಬೇಕೇಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ. ಇನ್ನೊಂದು ವರ್ಷ ನಿಮ್ಮ ಪಕ್ಕದಲ್ಲೇ ಮಲಗಿದರೆ ಮಗು ಕೆಡುವುದಿಲ್ಲ.

ಅಲ್ಲೇ ಮಲಗಲಿ ಎಂದಿದ್ದರೂ ಬಾಗಿಲು ಹಾಕಿ ಬರುವ ಉಪಾಯ ಬೇಡ. ನಾಲ್ಕು ದಿನಕ್ಕೆ ಅವಳು ಸುಮ್ಮನಾದರೆ ಭಯ ಹೋಯಿತೆಂದೇ ಆಗಬೇಕಿಲ್ಲ. ಕೂಗಿದರೂ ಯಾರೂ ಬರುವುದಿಲ್ಲ ಎಂದು ತಿಳಿದುಕೊಂಡಳು ಎಂದೂ ಆಗಬಹುದು. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲೇ ಭಯ ಕಳೆಯಲು ಒಂದು ದಾರಿ ತೋರಿಸಿದ್ದಾರೆ. ಇನ್ನೂ ಮೂರು ತುಂಬದ ಪೀಟರ್ ಎಂಬ ಹುಡುಗನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ಅವನು ಸಹಿಸಿದಷ್ಟೇ ಹತ್ತಿರ ತರುತ್ತ ಹೋದರು. ಕೊನೆಗೆ ಮೊಲ ತನ್ನ ಬೆರಳು ಮೆಲ್ಲಗೆ ಕಡಿದರೂ ಅವನು ಸುಮ್ಮನಿದ್ದ.

ನಿಮ್ಮ ಮನೆಯಲ್ಲಿ ಮೊಲದ ಜಾಗದಲ್ಲಿ ಕತ್ತಲಿದೆ. ಮಲಗುವ ಹೊತ್ತಿನಲ್ಲಿ ಶುರು ಮಾಡಬೇಡಿ, ಆಗ ಅವಳಿಗೂ ನಿಮಗೂ ಸುಸ್ತು. ಸಂಜೆ ಏಳಕ್ಕೆ ಆ ರೂಮಿನ ಲೈಟ್ ಆರಿಸಿ ಒಂದು ಸ್ಟೀಲ್ ಚಮಚ ಬಚ್ಚಿಡಿ. ಇಬ್ಬರೂ ಕೈಹಿಡಿದು ತಡಕಿ ಹುಡುಕಿ. ಮರುದಿನ ಅವಳ ಕೈಗೆ ಟಾರ್ಚ್ ಕೊಡಿ, ನೀವು ಹೊಸ್ತಿಲಲ್ಲಿ ನಿಲ್ಲಿ. ಗೋಡೆಯ ಮೇಲೆ ಕೈನೆರಳಿನಲ್ಲಿ ನಾಯಿ, ಹಕ್ಕಿ ಮಾಡಿ. ರಾತ್ರಿ ಮೊದಲು ಮಂಚದ ಪಕ್ಕ ಕೂರಿ, ಕೆಲವು ದಿನ ಬಿಟ್ಟು ಬಾಗಿಲ ಬಳಿ, ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಅಲ್ಲಿಂದಲೇ ಮಾತಾಡಿ. ಐದು ನಿಮಿಷಕ್ಕೆ ಬರುತ್ತೇನೆ ಎಂದರೆ ಐದೇ ನಿಮಿಷಕ್ಕೆ, ಅವಳು ಕರೆಯುವ ಮೊದಲೇ ಬಂದು ಮುಖ ತೋರಿಸಿ. ಇದೊಂದು ತಪ್ಪಿದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಮಂಚದ ಕೆಳಗೆ ಒಮ್ಮೆ ಟಾರ್ಚ್ ಹಾಕಿ ತೋರಿಸಿದರೆ ಸಾಕು. ದಿನಾ ತಪಾಸಣೆ ನಡೆಸಿದರೆ ಅಪ್ಪ-ಅಮ್ಮನಿಗೂ ಅನುಮಾನವಿದೆ ಎಂದುಕೊಳ್ಳುತ್ತಾಳೆ.

ಇಸ್ರೇಲ್‌ನಲ್ಲಿ ಕುಶ್ನಿರ್ ಮತ್ತು ಸಾದೆ ಎಂಬಿಬ್ಬರು ಸಂಶೋಧಕರು ರಾತ್ರಿ ಹೆದರುವ 4ರಿಂದ 6 ವರ್ಷದ ಮಕ್ಕಳಿಗೆ ಬಟ್ಟೆಯ ನಾಯಿಮರಿ ಕೊಟ್ಟು ನೋಡಿದ್ದರು. ಕೆಲವರಿಗೆ ಇದು ನಿನ್ನನ್ನು ಕಾಯುತ್ತದೆ ಎಂದರು, ಕೆಲವರಿಗೆ ಇದನ್ನು ನೀನೇ ನೋಡಿಕೊಳ್ಳಬೇಕು ಎಂದರು. ಎರಡೂ ಕಡೆ ಭಯ ತಗ್ಗಿತು. ನನಗೆ ಎರಡನೆಯದೇ ಇಷ್ಟ. ತಮ್ಮನನ್ನು ಮಲಗಿಸುವ ಅಕ್ಕನಿಗೆ ಹೆದರಲು ಪುರುಸೊತ್ತೆಲ್ಲಿ?

ಇಡೀ ರಾತ್ರಿ ಟ್ಯೂಬ್‌ಲೈಟ್ ಬೇಡ, ಬೆಳಕು ನಿದ್ದೆ ತರುವ ಮೆಲಟೋನಿನ್ ಅನ್ನು ತಡೆಯುತ್ತದೆ. ಕೆಂಪು ಅಥವಾ ಹಳದಿ ಛಾಯೆಯ ಸಣ್ಣ ಬಲ್ಬು, ಕಣ್ಣಿಗೆ ನೇರ ಬೀಳದ ಹಾಗೆ, ಕೆಳಗಿನ ಪ್ಲಗ್‌ನಲ್ಲಿರಲಿ.

ಎರಡು ಸಂಗತಿಗಳನ್ನು ಭಯದ ಲೆಕ್ಕಕ್ಕೆ ಹಾಕಬೇಡಿ. ನಿದ್ದೆ ಹತ್ತಿ ಒಂದೆರಡು ಗಂಟೆಯಲ್ಲಿ ಮಗು ಚೀರಿ ಕೂತು, ಕಣ್ಣು ಬಿಟ್ಟಿದ್ದರೂ ನಿಮ್ಮನ್ನು ಗುರುತಿಸದೆ, ಬೆಳಗ್ಗೆ ಏನೂ ನೆನಪಿಲ್ಲ ಎಂದರೆ ಅದು ಗಾಢನಿದ್ದೆಯ ನಡುವಿನ ಗಾಬರಿ. ಎಬ್ಬಿಸಲು ಹೋಗದೆ, ಬೀಳದಂತೆ ನೋಡಿಕೊಂಡರೆ ತಾನಾಗಿ ಮಲಗುತ್ತದೆ. ಇನ್ನು ಮುಸ್ಸಂಜೆಯಲ್ಲೇ ಎಡವುವುದು, ತಟ್ಟೆ ತಡಕುವುದು ಕಂಡರೆ ವಿಟಮಿನ್ ಎ ಕೊರತೆಯ ಇರುಳುಗುರುಡು ಇರಬಹುದು, ಕಣ್ಣಿನ ವೈದ್ಯರಿಗೆ ತೋರಿಸಿ. ಭಯವೇ ತಿಂಗಳುಗಟ್ಟಲೆ ಜಗ್ಗದೆ ನಿದ್ದೆ, ಶಾಲೆ ಎರಡೂ ಕೆಡುತ್ತಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಅತ್ತೆಯವರ ವಿಷಯ. ಉಪ್ಪು-ಮೆಣಸಿನಕಾಯಿ ನಿವಾಳಿಸಿದರೆ ತೊಂದರೆಯಿಲ್ಲ, ಮಗುವಿಗೂ ಅದು ಮುದ್ದೇ. ಆದರೆ ಅವಳೆದುರು ‘ಏನೋ ತಗುಲಿಕೊಂಡಿದೆ’ ಎನ್ನದಿರಲಿ, ಊಟ ಬಿಟ್ಟಾಗ ಗುಮ್ಮನನ್ನು ಕರೆಯದಿರಲಿ. ಪುರಂದರದಾಸರ ಕೀರ್ತನೆಯಲ್ಲಿ ಕೃಷ್ಣನೇ ಗುಮ್ಮನಿಗೆ ಹೆದರಿ ತಾಯಿಯನ್ನು ಬೇಡಿಕೊಳ್ಳುತ್ತಾನೆ. ತೊಂಬತ್ತರ ದಶಕದಲ್ಲಿ ದೊಡ್ಡವರೇ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಲಗಿದ ನಾಡು ನಮ್ಮದು, ಮಕ್ಕಳನ್ನೇನು ಅನ್ನುವುದು! ಗುಮ್ಮನ ಬದಲು ಮಹಾಭಾರತದ ಪುಕ್ಕಲ ಉತ್ತರಕುಮಾರನ ಕಥೆ ಹೇಳಲಿ, ಹೆದರಿಕೆ ಹೋಗಲೆಂದು ಹೇಳಿಕೊಳ್ಳುವ ಅರ್ಜುನನ ಹತ್ತು ಹೆಸರು ಬಾಯಿಪಾಠ ಮಾಡಿಸಲಿ. ಅವರು ಒಪ್ಪಿದರೆ ಅವರ ಹಾಸಿಗೆಯನ್ನೇ ಮೊಮ್ಮಗಳ ರೂಮಿಗೆ ಹಾಕಿಬಿಡಿ. ಗೊರಕೆ ಹೊಡೆಯುವವರಾದರೆ ಇನ್ನೂ ಒಳ್ಳೆಯದು.