ಆರಾಮದ ಡ್ಯೂಟಿಯ ಲೆಕ್ಕ

ದಕ್ಷಿಣ ದೆಹಲಿಯ ಸಣ್ಣದೊಂದು ಕಣ್ಣಾಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ನನ್ನ ಸಂಬಳ 18,500 ರೂಪಾಯಿ ಇತ್ತು. ಹಾಸ್ಟೆಲ್ ಕೋಣೆ, ಊಟ ಪುಕ್ಕಟೆ. ಬೆಳಿಗ್ಗೆ ಎಂಟಕ್ಕೆ ಹೋದರೆ ನಾಲ್ಕಕ್ಕೆ ಕೈ ತೊಳೆದುಕೊಂಡು ಹೊರಗೆ. ನೈಟ್ ಡ್ಯೂಟಿ ಇಲ್ಲ, ಭಾನುವಾರ ರಜೆ. ಪೊರೆ ತೆಗೆಸಿಕೊಳ್ಳಲು ಬಂದವರಿಗೆ ಡ್ರಾಪ್ಸ್ ಹಾಕಿ, ಬಿಪಿ ನೋಡಿ, ಸಂಜೆಯೊಳಗೆ ಮನೆಗೆ ಕಳಿಸುವ ಕೆಲಸ. 'ಹೊತ್ತು ಹೊತ್ತಿಗೆ ಉಂಡು ರಾತ್ರಿ ನಿದ್ದೆ ಮಾಡ್ತೀಯಲ್ಲ, ಅಷ್ಟು ಸಾಕು ಮಗಾ' ಎಂದು ಸಾಗರದಿಂದ ಅಮ್ಮ ಫೋನಿನಲ್ಲಿ ಹೇಳುತ್ತಿದ್ದರು.

ಆಗ ಗುರುಗ್ರಾಮದ ಮುನ್ನೂರು ಹಾಸಿಗೆಯ ಆಸ್ಪತ್ರೆಯೊಂದರ ಹೃದಯ ಐಸಿಯುನಿಂದ ಕರೆ ಬಂತು. ಸಂಬಳ 24,000. ಶಿಫ್ಟ್ ಬದಲಾಗುತ್ತಲೇ ಇರುತ್ತದೆ, ವಾಸ-ಊಟ ನಮ್ಮದೇ.

ಐದೂವರೆ ಸಾವಿರ ಹೆಚ್ಚು ಎಂದು ಕಂಡರೂ ಕಾಗದದ ಮೇಲೆ ಬರೆದಾಗ ಚಿತ್ರ ಬೇರೆಯಾಯಿತು. ಊಟ ಸೇರಿ ಪಿಜಿಗೆ 8,000, ಮೆಟ್ರೊ-ಆಟೋಗೆ 1,500. ಉಳಿಯುವುದು 14,500. ಇನ್ನೊಂದು ಹೊಡೆತ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐನದು. ತಿಂಗಳ ವೇತನ 21,000 ದಾಟಿದರೆ ಇಎಸ್‌ಐ ನಿಲ್ಲುತ್ತದೆ. ನನ್ನನ್ನೇ ನಂಬಿದ ಅಪ್ಪ-ಅಮ್ಮನಿಗೂ ಅದೇ ಆಸರೆ. ಅವರಿಗೆ ಬೇರೆ ಆರೋಗ್ಯ ವಿಮೆ ಮಾಡಿಸಲು ತಿಂಗಳಿಗೆ ಎರಡು ಸಾವಿರ ಎತ್ತಿಡಬೇಕಾಗುತ್ತದೆ. ಒಟ್ಟಿನಲ್ಲಿ ಸಂಬಳ ಏರಿದ ಕೆಲಸದಲ್ಲಿ ಕೈಗೆ ಸಿಗುವುದು ಆರು ಸಾವಿರ ಕಡಿಮೆ. ಎರಡು ವರ್ಷಕ್ಕೆ 1.44 ಲಕ್ಷ. ಅದನ್ನು ಐಸಿಯು ಎಂಬ ಕೋರ್ಸಿನ ಫೀಸು ಎಂದು ಲೆಕ್ಕ ಹಿಡಿದೆ. ಕೊಟ್ಟ ಫೀಸಿಗೆ ಏನು ಸಿಗುತ್ತದೆ?

ನಾನು ಓದಿದ್ದು ಜಿಎನ್‌ಎಂ ಡಿಪ್ಲೊಮಾ. ಏಮ್ಸ್ 2020ರಿಂದ ನರ್ಸ್ ನೇಮಕಾತಿಗೆ ನಡೆಸುತ್ತಿರುವ ನಾರ್ಸೆಟ್ ಪರೀಕ್ಷೆಗೆ ಜಿಎನ್‌ಎಂನವರು ಕೂರಬೇಕಾದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ನನ್ನ ಕಣ್ಣಾಸ್ಪತ್ರೆಗೆ ಅಷ್ಟು ಹಾಸಿಗೆಯೇ ಇರಲಿಲ್ಲ. ಅಲ್ಲಿ ಹತ್ತು ವರ್ಷ ದುಡಿದರೂ ಆ ಪರೀಕ್ಷೆಯ ಮಟ್ಟಿಗೆ ಸೊನ್ನೆ. ಏಮ್ಸ್ ನರ್ಸಿಂಗ್ ಆಫೀಸರ್ ಹುದ್ದೆಯ ಮೂಲ ವೇತನವೇ 44,900, ಅದರ ಮೇಲೆ ಡಿಎ. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 30. ನನಗಾಗ ಇಪ್ಪತ್ತೈದು.

ಖಾಸಗಿ ಆಸ್ಪತ್ರೆಗಳಲ್ಲೇ ಒಳ್ಳೆಯ ಸಂಬಳ ಸಿಗುವಂತಿದ್ದರೆ ಇಷ್ಟು ಗುಣಾಕಾರ ಬೇಕಿರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕಿಂತ ಕಡಿಮೆ ಕೊಡಬಾರದು, 200 ದಾಟಿದರೆ ಸರ್ಕಾರಿ ನರ್ಸ್‌ಗಳಷ್ಟೇ ಕೊಡಬೇಕು ಎಂದಿತು. ನನ್ನ ಎರಡೂ ಸಂಬಳದ ಅಂಕಿ ಮೇಲೆ ಬರೆದಿದ್ದೇನೆ, ಹೋಲಿಸಿಕೊಳ್ಳಿ.

ಗುರುಗ್ರಾಮಕ್ಕೇ ಹೋದೆ. ಮೂರು ತಿಂಗಳ ಬಾಡಿಗೆ, ಮನೆಗೆ ಕಳಿಸುವ ದುಡ್ಡು ಎತ್ತಿಟ್ಟ ಮೇಲೆಯೇ ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದು. ಹಳೇ ಪಿಎಫ್ ಹಣ ತೆಗೆಯದೆ ಅದೇ ಯುಎಎನ್‌ನಡಿ ಹೊಸ ಖಾತೆಗೆ ವರ್ಗಾಯಿಸಿದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಕೂಡಬೇಕಲ್ಲ. ಹೊಸ ಆಸ್ಪತ್ರೆಯವರು ಒರಿಜಿನಲ್ ಸರ್ಟಿಫಿಕೇಟ್ ಕೇಳಿದರು, ಅಟೆಸ್ಟ್ ಮಾಡಿಸಿದ ಪ್ರತಿ ಸಾಕೆಂದು ಹಟ ಹಿಡಿದೆ. ಮೊದಲ ತಿಂಗಳುಗಳಲ್ಲಿ ನೈಟ್ ಮುಗಿಸಿ ಬಂದು ಮಲಗಿದರೂ ಕಿವಿಯಲ್ಲಿ ವೆಂಟಿಲೇಟರಿನ ಅಲಾರಂ. ರಕ್ತದ ಅನಿಲ ಪರೀಕ್ಷೆಯ (ಎಬಿಜಿ) ರಿಪೋರ್ಟ್ ಓದುವುದು, ಇನ್‌ಫ್ಯೂಷನ್ ಪಂಪಿನಲ್ಲಿ ನಾರ್‌ಅಡ್ರಿನಲಿನ್ ಡೋಸ್ ಏರಿಳಿಸುವುದು ಕಲಿತದ್ದು ಪಾಲಕ್ಕಾಡಿನ ಇನ್‌ಚಾರ್ಜ್ ಚೇಚಿಯ ಬೈಗುಳ ತಿಂದೇ. ನಾರ್ಸೆಟ್ ಇನ್ನೂ ಒಲಿದಿಲ್ಲ. ಸಂಬಳ ಮಾತ್ರ ಈಗ 36,000 ಆಗಿದೆ.

ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಸಿಕ್ಕಿದ ಹಾಸನದ ಹುಡುಗಿಗೂ ಇದೇ ಗೊಂದಲ. 'ಅಕ್ಕಾ, ನಾನೂ ಐಸಿಯುಗೆ ಹೋಗ್ಲಾ?' ಅವಳದು ಬಿ.ಎಸ್ಸಿ. ನರ್ಸಿಂಗ್; ನಾರ್ಸೆಟ್‌ಗೆ ಅನುಭವವೇ ಬೇಡ. ಬೇಕಾದ್ದು ಓದಲು ಸಂಜೆಗಳು, ಅವು ಅವಳ ಆರಾಮದ ಡ್ಯೂಟಿಯಲ್ಲೇ ಇವೆ. ಕದಲಬೇಡ ಎಂದೆ. ಗಲ್ಫ್ ಮನಸ್ಸಿನಲ್ಲಿದ್ದರೆ ಮಾತು ಬೇರೆ. ಅಲ್ಲಿಯವರು ಯಾವ ವಾರ್ಡು, ಎಷ್ಟು ಹಾಸಿಗೆ, ಎಷ್ಟು ವರ್ಷ ಎಂದೇ ಶುರುಮಾಡುತ್ತಾರೆ. ಆಗಲೂ ನೋಂದಾಯಿತ ಏಜೆಂಟ್ ಕೇಳಬಹುದಾದ ಸೇವಾ ಶುಲ್ಕ 30,000 ಮತ್ತು ಜಿಎಸ್‌ಟಿ ಮಾತ್ರ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡ ಎಂದೆ.