ತೂಕದ ಯಂತ್ರ ಮತ್ತು ದೇಹದ ಲೆಕ್ಕ

ದೇಹಾರೋಗ್ಯದ ವಿಷಯವಾಗಿ ಇಂದು ನಮ್ಮ ಸುಶಿಕ್ಷಿತ ಸಮಾಜದಲ್ಲಿ ತಕ್ಕಮಟ್ಟಿನ ಜಾಗೃತಿ ಉಂಟಾಗಿದೆ. ನಲವತ್ತು ದಾಟಿದ ಶಿಕ್ಷಕರು, ನೌಕರರು, ವ್ಯಾಪಾರಸ್ಥರು, ಗೃಹಿಣಿಯರು ನಸುಕಿನಲ್ಲಿಯೇ ಎದ್ದು ವಾಯುವಿಹಾರಕ್ಕೆ ಹೊರಡುವುದು ಈಗ ಚಿಕ್ಕ ಊರುಗಳಲ್ಲಿಯೂ ಸಾಮಾನ್ಯ ದೃಶ್ಯ. ವೈದ್ಯರ ಸಲಹೆಯಂತೆ ಇವರು ಚಹದಲ್ಲಿಯ ಸಕ್ಕರೆಯನ್ನು ಬಿಟ್ಟಿರುತ್ತಾರೆ. ಕರಿದ ತಿಂಡಿಯನ್ನು ದೂರವಿಟ್ಟಿರುತ್ತಾರೆ. ರಾತ್ರಿಯ ಅನ್ನಕ್ಕೆ ಬದಲಾಗಿ ಜೋಳದ ರೊಟ್ಟಿಯನ್ನು ಸ್ವೀಕರಿಸಿರುತ್ತಾರೆ. ಆದರೆ ಎರಡು ಮೂರು ತಿಂಗಳು ಕಳೆದ ಬಳಿಕ ತೂಕದ ಯಂತ್ರದ ಮೇಲೆ ನಿಂತರೆ, ಅಂಕಿ ಮಾತ್ರ ಮೊದಲಿದ್ದಲ್ಲಿಯೇ ಇರುತ್ತದೆ. ಆಗ ‘ಇಷ್ಟೆಲ್ಲ ಮಾಡಿಯೂ ಫಲವಿಲ್ಲ’ ಎಂಬ ನಿರಾಶೆ ಮೂಡುತ್ತದೆ. ಹಲವರು ನಡಿಗೆಯನ್ನೂ ಪಥ್ಯವನ್ನೂ ಅಲ್ಲಿಗೇ ಕೈಬಿಡುತ್ತಾರೆ. ಇನ್ನು ಕೆಲವರು ವಿವೇಚನೆಯಿಲ್ಲದೆ ಉಪವಾಸಕ್ಕೆ ಇಳಿಯುತ್ತಾರೆ ಅಥವಾ ಜಾಹೀರಾತಿನ ಪುಡಿ, ಕಷಾಯಗಳಿಗೆ ಹಣ ಸುರಿಯುತ್ತಾರೆ.

ಈ ನಿರಾಶೆಯ ಹಿಂದೆ ಎರಡು ಪ್ರಶ್ನೆಗಳು ಅಡಗಿವೆ. ವ್ಯಾಯಾಮ ಮಾಡಿ ಹಿತವಾಗಿ ಉಂಡರೂ ತೂಕವೇಕೆ ಇಳಿಯುವುದಿಲ್ಲ? ತೂಕ ಇಳಿಯದಿದ್ದರೆ ಆ ಶ್ರಮವೆಲ್ಲ ವ್ಯರ್ಥವೇ? ಈ ಎರಡನ್ನೂ ಕ್ರಮವಾಗಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಯಂತ್ರವು ತೂಗುವುದೇನನ್ನು?

ದೇಹದ ತೂಕವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಇಟಲಿಯ ಪಾದುವಾ ನಗರದ ವೈದ್ಯ ಸಾಂತೋರಿಯೊ ಮೊದಲಿಗರು. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ತಾವು ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ಸುಮಾರು ಮೂವತ್ತು ವರ್ಷಗಳ ಕಾಲ ತೂಗಿ ನೋಡಿ, 1614ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಉಂಡು ಕುಡಿದುದರ ದೊಡ್ಡ ಭಾಗವು ಕಣ್ಣಿಗೆ ಕಾಣದಂತೆ ಚರ್ಮ ಮತ್ತು ಉಸಿರಿನ ಮೂಲಕ ಹೊರಟುಹೋಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ದೇಹದ ತೂಕವು ಗಳಿಗೆ ಗಳಿಗೆಗೂ ಬದಲಾಗುತ್ತಿರುವ ಒಂದು ಮೊತ್ತವೆಂಬುದು ಅಂದೇ ಸಿದ್ಧವಾಯಿತು.

ಈ ಮೊತ್ತದಲ್ಲಿ ಎಲುಬು, ಸ್ನಾಯು, ಕೊಬ್ಬು, ರಕ್ತ, ನೀರು, ಜಠರದಲ್ಲಿರುವ ಆಹಾರ ಎಲ್ಲವೂ ಸೇರಿವೆ. ನಾವು ಕಳೆದುಕೊಳ್ಳಬಯಸುವುದು ಕೊಬ್ಬನ್ನು ಮಾತ್ರ. ಯಂತ್ರವಾದರೋ ಎಲ್ಲವನ್ನೂ ಕೂಡಿಸಿ ಒಂದೇ ಅಂಕಿಯನ್ನು ಹೇಳುತ್ತದೆ. ಇವುಗಳಲ್ಲಿ ಅತಿ ಚಂಚಲವಾದುದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜನ್ ಎಂಬ ಪಿಷ್ಟರೂಪದ ದಾಸ್ತಾನು ಸುಮಾರು ಅರ್ಧ ಕಿಲೊ ಇರುತ್ತದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಂ ನೀರು ಕೂಡಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರದಲ್ಲಿ ತೂಕ ಸರ್ರನೆ ಇಳಿಯುವುದೂ, ಒಂದು ಮದುವೆಯ ಊಟದ ಮರುದಿನ ಏರುವುದೂ ಬಹುಮಟ್ಟಿಗೆ ಇದರಿಂದಲೇ. ಉಪ್ಪು ಹೆಚ್ಚಾದಾಗ, ಸ್ತ್ರೀಯರಲ್ಲಿ ಮಾಸಿಕ ಋತುವಿಗೆ ಮುಂಚೆ, ರೂಢಿಯಿಲ್ಲದ ವ್ಯಾಯಾಮವನ್ನು ಹೊಸದಾಗಿ ಆರಂಭಿಸಿ ಸ್ನಾಯುಗಳು ನೊಂದಾಗ ದೇಹವು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದಿನದಿಂದ ದಿನಕ್ಕೆ ಒಂದೆರಡು ಕಿಲೊ ಏರಿಳಿತವಾಗುವುದು ಆರೋಗ್ಯವಂತರಲ್ಲಿಯೂ ಸಹಜ.

ಇನ್ನು ಸ್ನಾಯು ಮತ್ತು ಕೊಬ್ಬಿನ ವಿಚಾರ. ಒಂದು ಕಿಲೊ ಕೊಬ್ಬು ಸುಮಾರು 1.1 ಲೀಟರಿನಷ್ಟು ಸ್ಥಳವನ್ನು ಆಕ್ರಮಿಸಿದರೆ, ಒಂದು ಕಿಲೊ ಸ್ನಾಯು ಸುಮಾರು 0.94 ಲೀಟರಿನಲ್ಲಿ ಅಡಕವಾಗುತ್ತದೆ. ಕೊಬ್ಬು ಕರಗಿ ಸ್ನಾಯು ಬೆಳೆದಲ್ಲಿ ತೂಕ ಅಷ್ಟೇ ಇದ್ದು, ಸೊಂಟದ ಪಟ್ಟಿ ಮಾತ್ರ ಒಂದು ತೂತು ಒಳಕ್ಕೆ ಸರಿಯಬಹುದು.

ಭಾರತೀಯರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 2004ರಲ್ಲಿ ಪುಣೆಯ ವೈದ್ಯವಿಜ್ಞಾನಿ ಯಾಜ್ಞಿಕ್ ಅವರೂ ಲಂಡನ್ನಿನ ಯುಡ್ಕಿನ್ ಅವರೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಛಾಯಾಚಿತ್ರವನ್ನೇ ಪ್ರಕಟಿಸಿದರು. ಎತ್ತರಕ್ಕೆ ತೂಕದ ಪ್ರಮಾಣವನ್ನು ಸೂಚಿಸುವ ಬಿ.ಎಂ.ಐ. ಅಂಕಿ ಇಬ್ಬರಲ್ಲಿಯೂ 22.3. ಆದರೆ ದೇಹದಲ್ಲಿನ ಕೊಬ್ಬಿನ ಅಂಶ ಯುಡ್ಕಿನ್ ಅವರಲ್ಲಿ ಶೇಕಡಾ 9.1 ಇದ್ದರೆ, ಯಾಜ್ಞಿಕ್ ಅವರಲ್ಲಿ ಶೇಕಡಾ 21.2 ಇತ್ತು. ತೂಕ ಮಾತ್ರ ನೋಡಿ ದೇಹವನ್ನು ಅರಿಯಲಾಗದು ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಅಡುಗೆಮನೆಯ ಲೆಕ್ಕ

ಹಾಗೆಂದ ಮಾತ್ರಕ್ಕೆ ತಪ್ಪನ್ನೆಲ್ಲ ಯಂತ್ರದ ಮೇಲೆ ಹೊರಿಸುವುದು ಸರಿಯಲ್ಲ. ಅನೇಕ ಸಂದರ್ಭಗಳಲ್ಲಿ ಕೊಬ್ಬು ನಿಜವಾಗಿಯೂ ಕರಗಿರುವುದಿಲ್ಲ. ಕಾರಣವು ಲೆಕ್ಕದಲ್ಲಿದೆ.

ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳಷ್ಟು ಶಕ್ತಿ ಸಂಗ್ರಹವಾಗಿರುತ್ತದೆ. 70 ಕಿಲೊ ತೂಕದವರೊಬ್ಬರು ಒಂದು ಗಂಟೆಯಲ್ಲಿ ಐದು ಕಿಲೊಮೀಟರು ನಡೆದರೆ ಸುಮಾರು 240 ಕ್ಯಾಲೊರಿ ವ್ಯಯವಾಗುತ್ತದೆ. ಸುಮ್ಮನೆ ಕುಳಿತಿದ್ದರೂ ಆ ಗಂಟೆಯಲ್ಲಿ ಸುಮಾರು 70 ವ್ಯಯವಾಗುತ್ತಿತ್ತು. ಆದುದರಿಂದ ನಡಿಗೆಯ ಪಾಲು 170. ಒಂದು ದಿನವೂ ತಪ್ಪದೆ ತಿಂಗಳು ಪೂರ್ತಿ ನಡೆದರೆ 5,100 ಕ್ಯಾಲೊರಿ, ಅಂದರೆ ಕಿಲೊದ ಮೂರನೆಯ ಎರಡು ಭಾಗದಷ್ಟು ಕೊಬ್ಬು. ನೀರಿನ ಏರಿಳಿತವೇ ಒಂದೆರಡು ಕಿಲೊ ಇರುವಾಗ, ಈ ಚಿಕ್ಕ ಇಳಿಕೆ ಅದರೊಳಗೆ ಮರೆಯಾಗುವುದು ಆಶ್ಚರ್ಯವಲ್ಲ. ಅದೂ ಊಟದಲ್ಲಿ ಏನೂ ಹೆಚ್ಚಾಗದಿದ್ದರೆ ಮಾತ್ರ. ನಡೆದು ಬಂದ ಹಸಿವಿಗೆ ಒಂದು ಹಿಡಿ, ಎಂದರೆ 30 ಗ್ರಾಂ ಹುರಿದ ಶೇಂಗಾ ತಿಂದರೆ, ಆ 170 ಕ್ಯಾಲೊರಿಯೂ ಮರಳಿ ಬಂದಂತಾಯಿತು.

ಶೇಂಗಾ ಕೆಟ್ಟ ಆಹಾರವೇ? ಖಂಡಿತ ಅಲ್ಲ, ಒಳ್ಳೆಯ ಆಹಾರವೇ. ಆದರೆ ಒಳ್ಳೆಯ ಆಹಾರಕ್ಕೂ ಪ್ರಮಾಣವಿದೆ. ‘ನಾನು ಹಿತವಾದುದನ್ನೇ ತಿನ್ನುತ್ತೇನೆ’ ಎನ್ನುವವರು ಹಿತದೊಡನೆ ಮಿತವನ್ನೂ ಕೇಳಿಕೊಳ್ಳಬೇಕು. ರೊಟ್ಟಿಯನ್ನು ಎಣಿಸುವ ನಾವು ಅದರೊಡನೆ ಬಡಿಸಿಕೊಳ್ಳುವ ಶೇಂಗಾ ಹಿಂಡಿ, ಅದರ ಮೇಲೆ ಹಾಕಿಕೊಳ್ಳುವ ಎಣ್ಣೆಗಳನ್ನು ಎಣಿಸುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿಯುತ್ತಿದ್ದರೆ, ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, ಎಂದರೆ 340 ಕ್ಯಾಲೊರಿ ಎಣ್ಣೆಯಿಂದಲೇ ಬಂದಂತೆ. ಇದು ಎರಡು ಗಂಟೆಯ ನಡಿಗೆಗೆ ಸಮ. ತಟ್ಟೆಯಲ್ಲಿ ಎಣ್ಣೆ ಬೇರೆಯಾಗಿ ಕಾಣುವುದಿಲ್ಲವಾದ್ದರಿಂದ ಅದು ನೆನಪಿನಲ್ಲಿಯೂ ಉಳಿಯುವುದಿಲ್ಲ.

ಮರೆವಿನ ಈ ಪಾತ್ರವನ್ನು 1992ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಅಧ್ಯಯನ ಸ್ಪಷ್ಟಪಡಿಸಿತು. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ಉಂಡರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಸ್ಥೂಲಕಾಯದ ಹತ್ತು ಜನರನ್ನು ಸೂಕ್ಷ್ಮ ವಿಧಾನಗಳಿಂದ ಪರೀಕ್ಷಿಸಲಾಯಿತು. ಅವರ ದೇಹದ ಶಕ್ತಿವ್ಯಯದಲ್ಲಿ ದೋಷವೇನೂ ಕಾಣಲಿಲ್ಲ. ತಾವು ಉಂಡುದನ್ನು ಅವರು ಸರಾಸರಿ ಶೇಕಡಾ 47ರಷ್ಟು ಕಡಿಮೆಯಾಗಿಯೂ, ಮಾಡಿದ ದೇಹಶ್ರಮವನ್ನು ಶೇಕಡಾ 51ರಷ್ಟು ಹೆಚ್ಚಾಗಿಯೂ ಅಂದಾಜಿಸಿದ್ದರು. ಅವರು ಸುಳ್ಳುಗಾರರೆಂದು ಭಾವಿಸಬೇಕಾಗಿಲ್ಲ. ಬರೆದಿಡದ ಲೆಕ್ಕ ಎಂತಹ ಪ್ರಾಮಾಣಿಕನಲ್ಲಿಯೂ ತನ್ನ ಕಡೆಗೇ ವಾಲುತ್ತದೆ.

ದೇಹವು ಮಾಡಿಕೊಳ್ಳುವ ಹೊಂದಾಣಿಕೆ

ಕೆಲವರು ಲೆಕ್ಕವನ್ನು ಸರಿಯಾಗಿಯೇ ಇಟ್ಟಿರುತ್ತಾರೆ. ಆದರೂ ಇಳಿಕೆ ಒಂದು ಹಂತದಲ್ಲಿ ನಿಂತುಬಿಡುತ್ತದೆ. ಇದಕ್ಕೆ ದೇಹದ ಸ್ವಭಾವವೇ ಕಾರಣ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಸ್ವಯಂಸೇವಕರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅವರು ತಮ್ಮ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಅದರೊಡನೆ ವಿಶ್ರಾಂತಿಯಲ್ಲಿ ದೇಹ ವ್ಯಯಿಸುವ ಶಕ್ತಿಯೂ ತೀವ್ರವಾಗಿ ಕುಗ್ಗಿತು. ಕಾಲು, ಮುಖಗಳಲ್ಲಿ ನೀರು ತುಂಬಿ, ಅಂಗಾಂಶ ಕ್ಷಯಿಸಿದ್ದರೂ ತೂಕದಲ್ಲಿ ಅದರ ಪೂರ್ಣಪ್ರಮಾಣ ಕಾಣದಂತಾಯಿತು. ಅವರ ಮನಸ್ಸು ಹಗಲಿರುಳೂ ಅನ್ನವನ್ನೇ ಧ್ಯಾನಿಸತೊಡಗಿತು. ಅತಿಯಾದ ಉಪವಾಸದ ಮಾರ್ಗ ಎಷ್ಟು ಕಠಿಣವೆಂಬುದಕ್ಕೆ ಈ ಪ್ರಯೋಗ ಸಾಕ್ಷಿ.

ಶ್ರಮ ಹೆಚ್ಚಾದಾಗಲೂ ದೇಹ ಹೊಂದಿಕೊಳ್ಳುತ್ತದೆ. ಕಲ್ಕತ್ತೆಯ ಸಮೀಪದ ಸೆಣಬಿನ ಗಿರಣಿಯ ನೌಕರರನ್ನು ಕುರಿತು ಜೀನ್ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗುರ ಕೆಲಸದವರಿಂದ ಹಿಡಿದು ಭಾರ ಹೊರುವವರವರೆಗೆ ಶ್ರಮ ಏರಿದಂತೆ ಊಟವೂ ಏರಿತ್ತು. ಆದರೆ ಕುಳಿತೇ ಕೆಲಸ ಮಾಡುವವರು ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು; ತೂಕವೂ ಅವರದೇ ಹೆಚ್ಚು. ಟಾಂಜಾನಿಯಾದ ಹಡ್ಜಾ ಜನರು ಇಂದಿಗೂ ಬೇಟೆ ಮತ್ತು ಗೆಡ್ಡೆಗೆಣಸುಗಳನ್ನು ಅವಲಂಬಿಸಿ, ದಿನವೂ ಮೈಲಿಗಟ್ಟಲೆ ನಡೆಯುವವರು. ಅವರ ದಿನದ ಒಟ್ಟು ಶಕ್ತಿವ್ಯಯವು, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ಪಾಶ್ಚಾತ್ಯ ನಗರವಾಸಿಗಳದಕ್ಕಿಂತ ಹೆಚ್ಚೇನಲ್ಲವೆಂದು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಒಂದೆಡೆ ಖರ್ಚು ಹೆಚ್ಚಾದಾಗ ದೇಹ ಮತ್ತೊಂದೆಡೆ ಮಿತವ್ಯಯ ಮಾಡುತ್ತದೆಂದು ಇದರಿಂದ ಊಹಿಸಲಾಗಿದೆ. ಆದುದರಿಂದ ತೂಕ ಇಳಿಸಲು ಊಟದ ಪ್ರಮಾಣವೇ ಮುಖ್ಯ ಸಾಧನ. ಬರಿಯ ವ್ಯಾಯಾಮದಿಂದ ಆಗುವ ಇಳಿಕೆ ಅಲ್ಪ.

ಇಳಿಯದ ತೂಕ, ದೊರೆತ ಫಲ

ಹಾಗಾದರೆ ವ್ಯಾಯಾಮವೇಕೆ? ಇದಕ್ಕೆ ಉತ್ತರವನ್ನು ಚೆನ್ನೈ ನಗರದಿಂದಲೇ ಪಡೆಯಬಹುದು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷಗಳ ಕಾಲ ಗಮನಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇಕಡಾ 55 ಜನ ಮಧುಮೇಹಿಗಳಾದರು. ನಿಯಮಿತ ನಡಿಗೆ ಮತ್ತು ಆಹಾರಕ್ರಮವನ್ನು ಪಾಲಿಸಿದ ಗುಂಪಿನಲ್ಲಿ ಈ ಪ್ರಮಾಣ ಶೇಕಡಾ 39.3. ಎಂದರೆ ಅಪಾಯ ಶೇಕಡಾ 28.5ರಷ್ಟು ತಗ್ಗಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಎರಡನೆಯ ಗುಂಪಿನವರ ತೂಕ ಗಣನೀಯವಾಗಿ ಇಳಿದಿರಲಿಲ್ಲ. ಯಂತ್ರದ ಅಂಕಿಯನ್ನೇ ನಂಬಿ ಇವರು ಮೂರನೆಯ ತಿಂಗಳಲ್ಲಿ ನಿಲ್ಲಿಸಿಬಿಟ್ಟಿದ್ದರೆ ಈ ಲಾಭವನ್ನೇ ಕಳೆದುಕೊಳ್ಳುತ್ತಿದ್ದರು.

ಇದಕ್ಕೂ ಮುಂಚೆ, 1953ರಲ್ಲಿ, ಲಂಡನ್ನಿನ ಜೆರೆಮಿ ಮಾರಿಸ್ ಅವರು ಅಲ್ಲಿಯ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿದ್ದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಚಾಲಕರ ಸಮವಸ್ತ್ರದ ಸೊಂಟದಳತೆ ದೊಡ್ಡದೆಂಬುದನ್ನೂ ಅವರು ಗುರುತಿಸಿದರು. ಆದರೆ ಒಂದೇ ಸೊಂಟದಳತೆಯವರನ್ನು ಹೋಲಿಸಿದಾಗಲೂ ಕಂಡಕ್ಟರುಗಳಿಗೇ ಹಠಾತ್ ಮರಣದ ಅಪಾಯ ಕಡಿಮೆಯೆಂದು ಕಂಡುಬಂತು. ಶ್ರಮಪಟ್ಟ ಸ್ನಾಯು ರಕ್ತದಲ್ಲಿಯ ಸಕ್ಕರೆಯನ್ನು ಸುಲಭವಾಗಿ ಒಳಗೆ ತೆಗೆದುಕೊಳ್ಳುತ್ತದೆ; ರಕ್ತದೊತ್ತಡ ಇಳಿಯುತ್ತದೆ; ಹೃದಯ ಬಲಗೊಳ್ಳುತ್ತದೆ. ಇವಾವುವನ್ನೂ ತೂಕದ ಯಂತ್ರ ತೋರಿಸಲಾರದು.

ಅಳೆಯಬೇಕಾದುದೇನು?

ಇಷ್ಟರಿಂದ ಕೆಲವು ಆಚರಣಯೋಗ್ಯ ಮಾತುಗಳನ್ನು ಸಂಗ್ರಹಿಸಬಹುದು.

ಮೊದಲನೆಯದು, ತೂಕವನ್ನು ದಿನದ ಒಂದೇ ಅಂಕಿಯಿಂದ ನಿರ್ಣಯಿಸಬಾರದು. ಬೆಳಿಗ್ಗೆ ಶೌಚದ ನಂತರ, ಏನನ್ನೂ ಸೇವಿಸುವ ಮುಂಚೆ ತೂಗಿ, ವಾರದ ಸರಾಸರಿಯನ್ನು ತಿಂಗಳ ಹಿಂದಿನ ಸರಾಸರಿಯೊಡನೆ ಹೋಲಿಸಬೇಕು. ಎರಡನೆಯದು, ಹೊಟ್ಟೆಯ ಸುತ್ತಳತೆಯನ್ನು ಟೇಪಿನಿಂದ ಅಳೆಯಬೇಕು. ಭಾರತೀಯ ಪುರುಷರಲ್ಲಿ ಅದು 90 ಸೆಂಟಿಮೀಟರಿಗೆ, ಸ್ತ್ರೀಯರಲ್ಲಿ 80 ಸೆಂಟಿಮೀಟರಿಗೆ ಒಳಗಿರುವುದು ಹಿತ. ಮೂರನೆಯದು, ರಕ್ತದೊತ್ತಡವನ್ನೂ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ವೈದ್ಯರು ಹೇಳಿದ ಅವಧಿಯಲ್ಲಿ ಮಾಡಿಸಿ ಬರೆದಿಡಬೇಕು. ನಾಲ್ಕನೆಯದು, ಎರಡು ವಾರಗಳ ಮಟ್ಟಿಗಾದರೂ ಉಂಡುದೆಲ್ಲವನ್ನೂ, ಎಣ್ಣೆ ಶೇಂಗಾಗಳ ಸಹಿತ, ಒಂದು ವಹಿಯಲ್ಲಿ ಬರೆಯಬೇಕು. ಐದನೆಯದು, ನಡಿಗೆಯೊಡನೆ ವಾರಕ್ಕೆ ಎರಡು ಮೂರು ದಿನ ಬಸ್ಕಿ, ದಂಡ, ಭಾರ ಎತ್ತುವುದೇ ಮೊದಲಾದ ಬಲವರ್ಧಕ ವ್ಯಾಯಾಮವನ್ನು ಶಕ್ತ್ಯನುಸಾರ ಮಾಡಬೇಕು. ರೊಟ್ಟಿಯ ಜೊತೆಗೆ ಬೇಳೆ, ಕಾಳುಪಲ್ಲೆ, ಮೊಸರುಗಳಿರಬೇಕು. ಪ್ರೋಟೀನಿಲ್ಲದ ಪಥ್ಯದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ.

ಒಂದು ಎಚ್ಚರಿಕೆಯೂ ಅವಶ್ಯ. ಥೈರಾಯಿಡ್ ಗ್ರಂಥಿಯ ಮಂದತೆ, ಸ್ತ್ರೀಯರ ಅಂಡಾಶಯಕ್ಕೆ ಸಂಬಂಧಿಸಿದ ಪಿ.ಸಿ.ಒ.ಎಸ್., ಸ್ಟೆರಾಯಿಡು, ಇನ್ಸುಲಿನ್ ಮುಂತಾದ ಕೆಲವು ಔಷಧಗಳು ತೂಕವನ್ನು ಏರಿಸಬಲ್ಲವು. ದಣಿವು, ಕಾಲುಬಾವು, ಋತುಚಕ್ರದ ವ್ಯತ್ಯಯಗಳಿದ್ದಲ್ಲಿ ವೈದ್ಯರನ್ನು ಕಾಣಬೇಕೇ ಹೊರತು ತಾವಾಗಿ ಔಷಧ ನಿಲ್ಲಿಸಬಾರದು. ಮಧುಮೇಹಕ್ಕೆ ಔಷಧ ಪಡೆಯುತ್ತಿರುವವರು ವೈದ್ಯರಿಗೆ ತಿಳಿಸದೆ ಉಪವಾಸ ಮಾಡುವುದು ಅಪಾಯಕರ. ತೂಕ ಇಳಿಸುವುದು ಅನಗತ್ಯವೆಂದೂ ಇದರಿಂದ ತಿಳಿಯಬಾರದು. ಮೊಣಕಾಲುನೋವು, ಮಧುಮೇಹ, ಏರಿದ ರಕ್ತದೊತ್ತಡ ಇರುವ ಸ್ಥೂಲಕಾಯರಿಗೆ ನಾಲ್ಕೈದು ಕಿಲೊ ಇಳಿದರೂ ಪ್ರಯೋಜನವುಂಟು. ಇಳಿಯದೆ ಇದ್ದಾಗ ಸಾಧನೆಯನ್ನು ಬಿಡಬಾರದೆಂಬುದಷ್ಟೇ ಇಲ್ಲಿಯ ಅಭಿಪ್ರಾಯ.

ಶಾಲೆಗಳಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ತರಗತಿಯಲ್ಲಿ ದಪ್ಪನೆಯ ಹುಡುಗನನ್ನು ತೂಕ ಹೇಳಿ ನಗೆಗೀಡು ಮಾಡಿದರೆ ಅವನು ಆಟದ ಬಯಲಿನಿಂದಲೇ ದೂರ ಸರಿಯುತ್ತಾನೆ. ಅವನು ಎಷ್ಟು ಓಡಿದ, ಕಳೆದ ತಿಂಗಳಿಗಿಂತ ಎಷ್ಟು ಮುಂದೆ ಬಂದ ಎಂಬುದನ್ನು ಗುರುತಿಸುವ ಶಿಕ್ಷಕನು ಅವನಿಗೆ ಜೀವನಪರ್ಯಂತದ ಉಪಕಾರ ಮಾಡಿದಂತೆ. ಶಾಲೆಗಳ ಆಟದ ಬಯಲು ಬೆಳಗಿನ ಹೊತ್ತು ಹಳೆಯ ವಿದ್ಯಾರ್ಥಿಗಳಿಗೂ ಪಾಲಕರಿಗೂ ತೆರೆದಿದ್ದರೆ, ಅಲ್ಲಿ ನೆರಳಿಗೆ ನಾಲ್ಕು ಬೇವಿನ ಮರಗಳೂ ಕುಡಿಯುವ ನೀರೂ ಇದ್ದರೆ, ಬೆಲೆಬಾಳುವ ಯಂತ್ರಗಳಿಲ್ಲದೆಯೂ ಊರಿನ ಆರೋಗ್ಯ ಸುಧಾರಿಸೀತು. ದಾನಿಗಳ ಉದಾರತೆಗೆ ಇದೂ ಒಂದು ಯೋಗ್ಯವಾದ ಕ್ಷೇತ್ರ.

ಚೆನ್ನೈಯ ಆ ಗುಂಪಿನವರಿಗೆ ತಮ್ಮ ನಡಿಗೆಯ ಫಲವು ಮೂರು ವರ್ಷಗಳ ಅನಂತರ ರಕ್ತಪರೀಕ್ಷೆಯಲ್ಲಿ ಕಂಡಿತು. ಅಷ್ಟು ಕಾಲ ತಾಳಿ ನಡೆದವರಿಗೆ ಅದು ದೊರೆಯಿತು. ಈ ಬರಹವನ್ನು ಓದಿದವರಲ್ಲಿ ಯಾರಾದರೂ ಬಿಟ್ಟ ನಡಿಗೆಯನ್ನು ನಾಳೆ ಬೆಳಿಗ್ಗೆ ಮತ್ತೆ ಆರಂಭಿಸಿದರೆ ಲೇಖನದ ಶ್ರಮ ಸಾರ್ಥಕ.