ನೋಡದೆ ಬರೆದ ಮಹಜರು

ನಮ್ಮೂರ ಕಡೆಗೆ ವಿದೇಶಾಂಗ ನೀತಿ ಬಂದದ್ದು ಲಾರಿಯಲ್ಲಿ. 1974ರಲ್ಲಿ ಲೊಕ್ಕನಹಳ್ಳಿಯಾಚೆ, ಒಡೆಯರಪಾಳ್ಯದ ಕಾಡಂಚಿನಲ್ಲಿ ಟಿಬೆಟನ್ನರ ವಸತಿ ಶುರುವಾಯಿತು. ದಲೈ ಲಾಮಾ ಭಾರತಕ್ಕೆ ಬಂದು ಆಗಲೇ 15 ವರ್ಷ. ಬೈಲಕುಪ್ಪೆ, ಮುಂಡಗೋಡು, ಹುಣಸೂರು ಆದಮೇಲೆ ನಮ್ಮ ಸರದಿ. ಪೆಟ್ಟಿಗೆ, ಹಾಸಿಗೆ, ಹಿತ್ತಾಳೆಯ ದೀಪ, ಕೆನ್ನೆ ಒಡೆದ ಮಕ್ಕಳು ಲಾರಿಯಿಂದ ಇಳಿಯುವುದನ್ನು ನಮ್ಮ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿಬಂದರು. ಚೀನಾ ಎಲ್ಲಿದೆ ಎಂದು ಗೊತ್ತಿಲ್ಲದ ನಮ್ಮಜ್ಜಿ, "ಪಾಪ, ಊರು ಬುಟ್ಟು ಬಂದವ್ರೆ" ಅಂದಳು. ಆಮೇಲೆ ದೆಹಲಿಯಲ್ಲಿ ನಾನು ಓದಿದ ಎಷ್ಟೋ ಟಿಪ್ಪಣಿಗಳಲ್ಲಿ ಅಷ್ಟು ಸ್ಪಷ್ಟವಾದ ಒಂದು ವಾಕ್ಯ ಸಿಗಲಿಲ್ಲ.

ಅದೇ ವರ್ಷ ನನಗೆ ತಾಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಗುಮಾಸ್ತನ ಕೆಲಸ ಸಿಕ್ಕಿತು. ನನಗೆ 20 ವರ್ಷ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತಲ್ಲ, ಹಳೆಯ ಕಡತ ಬಿಚ್ಚಿದರೆ ತಮಿಳು, ಇಂಗ್ಲಿಷು, ಕನ್ನಡ ಮೂರೂ ಒಂದೇ ದಾರದಲ್ಲಿ ಕಟ್ಟಿಸಿಕೊಂಡು ಮಲಗಿರುತ್ತಿದ್ದವು. ಮೂರನ್ನೂ ಬಲ್ಲ ಶಿರಸ್ತೇದಾರರೊಬ್ಬರಿದ್ದರು. ನಶ್ಯದ ಕಲೆ ಬಿದ್ದ ಧೋತರ, ಕಿವಿಯ ಮೇಲೊಂದು ಪೆನ್ಸಿಲ್ಲು. ನನ್ನ ಮೊದಲ ಗುರು ಅವರೇ.

ಒಮ್ಮೆ ಹೊಸ ಹೊಲಗಳ ಪಕ್ಕದ ದನದ ದಾರಿಯ ಬಗ್ಗೆ ಅರ್ಜಿ ಬಂತು. ಮಹಜರು ಬರೆದು ತರಲು ನನ್ನನ್ನು ಕಳಿಸಿದರು. ಮಳೆ ಹಿಡಿದಿತ್ತು. ನಾನು ಲೊಕ್ಕನಹಳ್ಳಿಯ ಟೀ ಅಂಗಡಿಯಲ್ಲೇ ಕೂತು, ನಕ್ಷೆ ನೋಡಿ, ಪೂರ್ವಕ್ಕೆ ಇದು, ಪಶ್ಚಿಮಕ್ಕೆ ಅದು ಎಂದು ಚೆಕ್ಕುಬಂದಿ ಬರೆದು, ಅಲ್ಲೇ ಇದ್ದ ಇಬ್ಬರಿಂದ ಪಂಚರ ರುಜು ಹಾಕಿಸಿಕೊಂಡು ಹೋದೆ. ಅಕ್ಷರ ಮುತ್ತಿನಂತಿತ್ತು. ಶಿರಸ್ತೇದಾರರು ಓದಿ, ಕನ್ನಡಕ ತೆಗೆದು, ನನ್ನ ಕಾಲು ನೋಡಿದರು. ಚಪ್ಪಲಿಗೆ ಕೆಸರಿರಲಿಲ್ಲ. "ಹೋಗಿದ್ದೆಯೇನಯ್ಯಾ?" ಅಂದರು. ಉತ್ತರಕ್ಕೆ ಕಾಯದೆ ಕಾಗದವನ್ನು ನಾಲ್ಕು ಚೂರು ಮಾಡಿ ನನ್ನ ಕೈಗೇ ಕೊಟ್ಟರು.

ಮಾರನೆಯ ದಿನ ಹೋದೆ. ಸೋಲಿಗರ ಮುದುಕರೊಬ್ಬರು ಮುಂದೆ, ಟಿಬೆಟನ್ ಮುಖಂಡರೊಬ್ಬರು ಪಕ್ಕದಲ್ಲಿ, ನಕ್ಷೆ ಹಿಡಿದ ನಾನು ಹಿಂದೆ. ಮುದುಕರು ಜಾಡು ಹಿಡಿದು ನಡೆದೇ ನಡೆದರು. ನಕ್ಷೆಯಲ್ಲಿ ನೇರವಿದ್ದದ್ದು ನೆಲದ ಮೇಲೆ ಹಳ್ಳ ಬಳಸಿ ಸೊಟ್ಟಗೆ ಹೋಗಿತ್ತು. ನಾನು ಕಾಗದ ತೋರಿಸಿದರೆ, "ದನ ಕಾಗ್ದ ನೋಡ್ಕಂಡು ನಡ್ಯಕಿಲ್ಲ ಬುದ್ದಿ" ಅಂದರು. ಟಿಬೆಟನ್ ಹಿರಿಯರಿಗೆ ಕನ್ನಡ ಬಾರದು. ಆದರೆ ಗೊರಸಿನ ಗುರುತು ನೋಡಿದ್ದೇ ಅರ್ಥವಾಗಿ ನಕ್ಕರು. ಅವರೂ ಜಾನುವಾರು ಸಾಕಿದ ಜನವೇ. ಅರ್ಧ ಗಂಟೆಯಲ್ಲಿ, ಮಾತೇ ಇಲ್ಲದೆ, ಎಲ್ಲಿ ಬೇಲಿ ಬಿಡಬೇಕೆಂದು ಇಬ್ಬರೂ ಕೋಲಿನಿಂದ ಗೀರು ಎಳೆದರು. ನಾನು ಗೀರು ನೋಡಿ ಬರೆದುಕೊಂಡೆ.

ಅಂಚೆ ತೆರಪಿನ ಶಿಕ್ಷಣದಲ್ಲಿ ಬಿಎ ಮುಗಿಸಿ ಅಸಿಸ್ಟೆಂಟ್ಸ್ ಗ್ರೇಡ್ ಪರೀಕ್ಷೆ ಬರೆದೆ. 1979ರಲ್ಲಿ ದೆಹಲಿಯ ವಿದೇಶಾಂಗ ಸಚಿವಾಲಯ. ರಾಯಭಾರಿ ಅಂದುಕೊಂಡು ಊರಲ್ಲಿ ಹಾರ ಹಾಕಿದರು. ಬೇಡವೆನ್ನುವ ಧೈರ್ಯ ನನಗೂ ಬರಲಿಲ್ಲ. ನಾನು ಸೇರಿದ್ದು ಐಎಫ್‌ಎಸ್ 'ಬಿ' ಶಾಖೆ. ನನ್ನ ಕಣ್ಣಿಗೆ ಬಿದ್ದ ವಿದೇಶಾಂಗ ವ್ಯವಹಾರವೆಂದರೆ ವೀಸಾ, ಕಳೆದುಹೋದ ಪಾಸ್‌ಪೋರ್ಟು, ಸಂಬಳ ಸಿಗದ ಮೇಸ್ತ್ರಿ, ಊರಿಗೆ ಕಳಿಸಬೇಕಾದ ಹೆಣ. ನೀತಿ ಮೇಲಿನ ಮಹಡಿಯಲ್ಲಿ ತಯಾರಾಗುತ್ತದೆ. ಅದು ನೆಲ ಮುಟ್ಟುವುದು ಕೌಂಟರಿನಲ್ಲಿ.

1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿದ್ದ ಭಾರತೀಯರು ಒಂದೂವರೆ ಲಕ್ಷಕ್ಕೂ ಹೆಚ್ಚು. ಇರಾಕ್ ದಾಟಿ, ಮರಳುಗಾಡಿನಲ್ಲಿ ಜೋರ್ಡಾನಿನ ರುವೈಶಿದ್ ಗಡಿ ಮುಟ್ಟಿ, ಅಲ್ಲಿಂದ ಅಮ್ಮಾನಿಗೆ ಬರಬೇಕು. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ. ಸುಮಾರು ಎರಡು ತಿಂಗಳು ಹಾರಾಟ ನಡೆಯಿತು. ಹೆಚ್ಚಿನ ಕೈ ಬೇಕೆಂದು ದೆಹಲಿಯಿಂದ ಕಳಿಸಿದವರಲ್ಲಿ ನಾನೂ ಒಬ್ಬ.

ಎಷ್ಟೋ ಜನರ ಪಾಸ್‌ಪೋರ್ಟು ಮಾಲೀಕರ ಪೆಟ್ಟಿಗೆಯಲ್ಲೇ ಉಳಿದಿತ್ತು. ಪಾಸ್‌ಪೋರ್ಟಿಲ್ಲದವನು ಭಾರತೀಯ ಹೌದೋ ಅಲ್ಲವೋ ಎಂದು ನಿರ್ಧರಿಸಿ ತುರ್ತು ಪ್ರಯಾಣಪತ್ರ ಕೊಡಬೇಕು. ಫಾರಂನಲ್ಲಿ ತಂದೆಯ ಹೆಸರು, ಅಂಚೆ, ಜಿಲ್ಲೆ. ಅದನ್ನು ಯಾರು ಬೇಕಾದರೂ ಉರು ಹೊಡೆಯಬಹುದು. ನಾನು ಪೆನ್ನು ಕೆಳಗಿಟ್ಟು, ಕರ್ನಾಟಕದವನು ಎಂದವನಿಗೆ, "ಊರಿಗೆ ಯಾವ ಬಸ್ಸಲ್ಲಿ ಹೋಗ್ತೀರಿ?" ಅಂತ ಕೇಳತೊಡಗಿದೆ. ಕುಂದಾಪುರದ ಕಡೆಯ ಹುಡುಗನೊಬ್ಬ, ತುಟಿ ಒಡೆದು ರಕ್ತ ಒಣಗಿತ್ತು, "ಎಕ್ಸ್‌ಪ್ರೆಸ್ ನಿಲ್ಸುದಿಲ್ಲ ಮಾರಾಯ್ರೆ, ಸರ್ವಿಸ್ ಬಸ್ಸಂಗೇ ಹೋಯ್ಕ್" ಅಂದವನೇ ಅಳಲು ಶುರುಮಾಡಿದ. ಸೀಲು ಒತ್ತಿದೆ. ಇನ್ನೇನು ಸಾಕ್ಷಿ ಬೇಕು?

ಹೀಗೆ 20 ವರ್ಷ. 1999ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಬೆಂಗಳೂರಿನ ಒಂದು ಗ್ರಾನೈಟ್ ರಫ್ತು ಕಂಪನಿಗೆ ಜನರಲ್ ಮ್ಯಾನೇಜರನಾದೆ. ಸರ್ಕಾರದ ಅನ್ನ ತಿಂದವನು ವ್ಯಾಪಾರಕ್ಕೆ ಇಳಿಯುವುದೇ ಎಂದು ಮಾವ ಮುನಿಸಿಕೊಂಡರು. ಪಕ್ಕದ ಯಳಂದೂರಿನ ಜಹಗೀರುದಾರರ ಕಥೆ ನೆನಪಿಸಿದೆ. ದಿವಾನ್ ಪೂರ್ಣಯ್ಯ ಮೊದಲು ಬರೆದದ್ದು ವರ್ತಕರ ಅಂಗಡಿಯ ಲೆಕ್ಕ. ಆಮೇಲೆ ಹೈದರ್, ಟಿಪ್ಪು ಇಬ್ಬರ ಖಜಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷರ ಜೊತೆ ಕೂತು ಮೈಸೂರಿನ ದಿವಾನಗಿರಿ. 1807ರಲ್ಲಿ ಯಳಂದೂರು ಜಹಗೀರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಇಲ್ಲಿ ಬೇಡ. ಮಾವನಿಗೂ ಆ ಉದಾಹರಣೆ ಸಮಾಧಾನ ತರಲಿಲ್ಲ, ಬಿಡಿ.

ಚಾಮರಾಜನಗರದ ಕರಿಕಲ್ಲಿಗೆ ಯುರೋಪಿನಲ್ಲಿ ಭಾರಿ ಬೆಲೆ. ಅಲ್ಲಿ ಅದು ಹೆಚ್ಚಾಗಿ ಸಮಾಧಿಯ ಮೇಲೆ ನಿಲ್ಲುತ್ತದೆ. ನಾನು ಸೇರಿದ ಎರಡನೇ ವರ್ಷ ಜರ್ಮನಿಯ ಗಿರಾಕಿಯೊಬ್ಬ, ಕಲ್ಲು ಬಣ್ಣ ಬಿಡುತ್ತಿದೆ ಎಂದು ಬರೆದ. ಸಚಿವಾಲಯದಲ್ಲಿ ಕಲಿತ ಇಂಗ್ಲಿಷ್ ನನ್ನ ಹತ್ತಿರ ಬೇಕಾದಷ್ಟಿತ್ತು. ಒಪ್ಪಿಕೊಳ್ಳದ, ಅಲ್ಲಗಳೆಯದ, ಗೌರವಕ್ಕೆ ಕುಂದಿಲ್ಲದ ಮೂರು ಪತ್ರ ಬರೆದೆ. ಕಡತ ಕಳೆಗಟ್ಟಿತು. ಗಿರಾಕಿ ಮೂರನೆಯದಕ್ಕೆ ಉತ್ತರಿಸಲಿಲ್ಲ, ಹಣ ತಡೆಹಿಡಿದ.

ಕಡೆಗೆ ವೆರೋನಾದ ಕಲ್ಲಿನ ಮೇಳಕ್ಕೆ ಹೋದವನು ಅಲ್ಲಿಂದ ರೈಲು ಹತ್ತಿ ಅವನ ಯಾರ್ಡಿಗೆ ಹೋದೆ. ಆತ ಮಾತಾಡಲಿಲ್ಲ. ಬಿಳಿ ಬಟ್ಟೆಗೆ ಅಸಿಟೋನ್ ಸುರಿದು, ಉಗುರುಬಣ್ಣ ಒರೆಸುತ್ತಾರಲ್ಲ ಅದೇ, ನಮ್ಮ ಸ್ಲ್ಯಾಬಿನ ಮೇಲೆ ಎರಡು ಸಲ ಉಜ್ಜಿ ನನ್ನ ಮುಂದೆ ಹಿಡಿದ. ಬಟ್ಟೆ ಕಪ್ಪಗಾಗಿತ್ತು. ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ತಿಳಿಯಿತು: ಆರ್ಡರು ತುಂಬಿಸಲು ಎಲ್ಲಿಂದಲೋ ತರಿಸಿದ ಬೂದುಗಲ್ಲಿಗೆ ಪಾಲಿಶ್ ಮಾಡುವಲ್ಲಿ ಕರಿ ಹಚ್ಚಿದ್ದರು. ನಮ್ಮ ಪಾಲಿಶ್ ಶೆಡ್ಡು ನನ್ನ ಆಫೀಸಿನಿಂದ ಒಂದು ಗಂಟೆಯ ದಾರಿ. ಎರಡು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಆಯುಧಪೂಜೆಗೆ ಮಾತ್ರ.

ಆ ಯಾರ್ಡಿನಲ್ಲಿ ನಿಂತಾಗ ನೋಡಿದ್ದು ನನ್ನ ಬೂಟುಗಳನ್ನು. ಫಳಫಳ ಹೊಳೆಯುತ್ತಿದ್ದವು.

ಹಣ ವಾಪಸು ಕೊಟ್ಟೆವು, ಹೊಸ ಕಲ್ಲು ಕಳಿಸಿದೆವು. ಗಿರಾಕಿ ಉಳಿದ, ಆ ವರ್ಷದ ಲಾಭ ಉಳಿಯಲಿಲ್ಲ. ಅಲ್ಲಿಂದ ನಿವೃತ್ತನಾಗುವವರೆಗೆ ಪ್ರತಿ ಸೋಮವಾರ ನನ್ನ ಆಫೀಸು ಶೆಡ್ಡಿನಲ್ಲೇ. ಕಟಿಂಗ್ ಮೆಷಿನ್ನಿನ ನೀರು ಪ್ಯಾಂಟಿಗೆ ಹಾರುತ್ತಿತ್ತು. ಕ್ರೇಟು ಹೊಡೆಯುವ ಹುಡುಗರು ಮೊದಮೊದಲು ಹೆದರುತ್ತಿದ್ದರು, ಆಮೇಲೆ ಯಾವ ಕಲ್ಲಿನಲ್ಲಿ ಬಿರುಕಿದೆ ಎಂದು ಅವರೇ ಬಂದು ತೋರಿಸುತ್ತಿದ್ದರು.

ಈಗ ಊರಿನಲ್ಲಿದ್ದೇನೆ. ಹನೂರು ತಾಲೂಕಾಗಿದೆ. ಒಡೆಯರಪಾಳ್ಯದ ಹೊಲಗಳಲ್ಲಿ ಮುಸುಕಿನ ಜೋಳ ಎದ್ದಿದೆ. ಆ ದನದ ದಾರಿಯಲ್ಲಿ ದನ ಕಡಿಮೆ, ಆನೆಗಳದ್ದೇ ಓಡಾಟ. ಬಿಳಿಗಿರಿರಂಗನ ಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ಕಾಡಿಗೆ ಅವು ದಾಟುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರು ಇಲ್ಲೇ. ಅದರಲ್ಲಿ ಸುಮಾರು 25 ಎಕರೆಯನ್ನು ಒಂದು ವನ್ಯಜೀವಿ ಸಂಸ್ಥೆ ಹಣ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು.

ಮೊನ್ನೆ ಅಣ್ಣನ ಮಗ ಮೊಬೈಲು ಹಿಡಿದು ಬಂದ. ಆನೆ ತುಳಿದ ಜೋಳಕ್ಕೆ ಪರಿಹಾರದ ಅರ್ಜಿ ಬರೆಯಬೇಕಂತೆ. "ಫಾರಿನ್‌ನಲ್ಲಿ ಇದ್ದೋನು ನೀನು ಚಿಕ್ಕಪ್ಪ, ಜೋರಾಗಿ ಬರ್ಕೊಡು. ಫೋಟೋ ಐತೆ ನೋಡು" ಅಂದ. ಫೋಟೋ ನೋಡಿದೆ. ಎಲ್ಲಿಂದ ನುಗ್ಗಿತು, ಎಷ್ಟು ಸಾಲು ಹೋಯಿತು, ಒಂದೂ ಕಾಣುತ್ತಿರಲಿಲ್ಲ. ಮಂಡಿ ನೋವು ಅಂತ ಹೇಳೋಣವೆಂದುಕೊಂಡೆ. ಆಮೇಲೆ ಮೂಲೆಯಲ್ಲಿದ್ದ ಕೋಲು ಕೊಡು ಅಂದೆ.